ಕ್ಯಾನ್ಸರ್ ಚಿಕಿತ್ಸೆಗೆ ಮೊದಲೇ ಕೇಳಬೇಕಾದ ಪ್ರಶ್ನೆ

ಮಗಳಿಗೆ ಕ್ಯಾನ್ಸರ್ ಎಂದು ತಿಳಿದಾಗ ಮನೆಯವರ ಚಿಂತೆಯೆಲ್ಲ ಅವಳ ಜೀವದ ಬಗ್ಗೆಯೇ ಇರುತ್ತದೆ. ಮುಂದೆ ಅವಳಿಗೆ ಮಕ್ಕಳಾಗಬಹುದೇ ಎಂಬ ಪ್ರಶ್ನೆ ಹೊಳೆಯುವಷ್ಟರಲ್ಲಿ ಚಿಕಿತ್ಸೆ ಮುಗಿದಿರುತ್ತದೆ. ಕೆಲವು ಕಿಮೊಥೆರಪಿ ಔಷಧಗಳೂ ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ರೋಗದ ಜೊತೆಗೆ ಅಂಡಾಶಯದ ಅಂಡಾಣುಗಳನ್ನೂ ನಾಶಪಡಿಸುತ್ತವೆ. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷದಷ್ಟಿರುವ ಅಂಡಾಣುಗಳು ಮೈನೆರೆಯುವ ಹೊತ್ತಿಗೆ 3–4 ಲಕ್ಷಕ್ಕೆ ಇಳಿದಿರುತ್ತವೆ. ನಾಶವಾದವುಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ.

ವಯಸ್ಕ ಮಹಿಳೆಯ ಅಂಡಾಣುಗಳನ್ನು ಹೊರತೆಗೆದು ಶೈತ್ಯೀಕರಿಸಿ ಇಡಬಹುದು. ಅದಕ್ಕೆ ಸುಮಾರು ಎರಡು ವಾರ ಹಾರ್ಮೋನ್ ಚುಚ್ಚುಮದ್ದು ಬೇಕು. ಮೈನೆರೆಯದ ಬಾಲಕಿಗೆ ಈ ದಾರಿಯಿಲ್ಲ. ಚಿಕಿತ್ಸೆಯನ್ನು ಒಂದು ವಾರವೂ ಮುಂದೂಡಲಾಗದ ರೋಗಿಗೂ ಇಲ್ಲ. ಇಂಥವರಿಗಾಗಿ ಅಂಡಾಶಯದ ಅಂಗಾಂಶವನ್ನೇ ಶೈತ್ಯೀಕರಿಸುವ ವಿಧಾನವಿದೆ. ಲ್ಯಾಪ್ರೋಸ್ಕೋಪಿ ಮೂಲಕ ಒಂದು ಅಂಡಾಶಯವನ್ನೋ ಅದರ ಒಂದು ಭಾಗವನ್ನೋ ತೆಗೆಯುತ್ತಾರೆ. ಎಳೆಯ ಅಂಡಾಣುಗಳೆಲ್ಲ ಇರುವುದು ಅದರ ಹೊರಪದರದಲ್ಲಿ. ಆ ಪದರವನ್ನು 1–2 ಮಿ.ಮೀ. ದಪ್ಪದ ಪಟ್ಟಿಗಳಾಗಿ ಕತ್ತರಿಸಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಡುತ್ತಾರೆ.

ಕಷ್ಟವಿರುವುದು ಇಲ್ಲಿಯೇ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಟೊಮೆಟೊ ಮರೆತರೆ ಕರಗಿದ ಮೇಲೆ ಅದು ಮೆತ್ತಗಾಗಿ ನೀರೊಡೆಯುವುದನ್ನು ಗೃಹಿಣಿಯರು ಬಲ್ಲರು. ಜೀವಕೋಶದೊಳಗಿನ ನೀರು ಹರಳುಗಟ್ಟಿ ಗೋಡೆಯನ್ನು ಸೀಳುವುದೇ ಇದಕ್ಕೆ ಕಾರಣ. ಇದನ್ನು ತಡೆಯಲು ಅಂಗಾಂಶವನ್ನು ಮೊದಲು ರಕ್ಷಕ ದ್ರಾವಣದಲ್ಲಿ ನೆನೆಸಿ, ನಿಮಿಷಕ್ಕೆ ಡಿಗ್ರಿಯ ಮೂರನೇ ಒಂದರಷ್ಟು ಎಂಬಂತೆ ಬಹು ನಿಧಾನವಾಗಿ ತಣಿಸುತ್ತಾರೆ. ಆಗ ಕೋಶದೊಳಗಿನ ನೀರು ಹೊರಬರಲು ಸಮಯ ಸಿಗುತ್ತದೆ.

ಹೊಸ ವಿಧಾನವಾದ ‘ವಿಟ್ರಿಫಿಕೇಷನ್’ ಇದಕ್ಕೆ ತೀರ ವಿರುದ್ಧ. ಗಾಢ ದ್ರಾವಣದಲ್ಲಿ ನೆನೆಸಿದ ಅಂಗಾಂಶವನ್ನು ನೀರು ಹರಳಾಗುವ ಮೊದಲೇ ಗಾಜಿನಂತೆ ಗಟ್ಟಿಯಾಗುವಷ್ಟು ವೇಗವಾಗಿ ತಣಿಸುವುದು. ಒಂಟಿ ಅಂಡಾಣುವಿನ ವಿಷಯದಲ್ಲಿ ಇದು ಚೆನ್ನಾಗಿ ಗೆದ್ದಿದೆ. ಅಂಗಾಂಶದಲ್ಲಾದರೋ ಹಲವು ಬಗೆಯ ಕೋಶಗಳಿವೆ. ದ್ರಾವಣ ಒಳಗಿನವರೆಗೆ ಇಳಿಯುವಷ್ಟರಲ್ಲಿ ಹೊರಗಿನ ಕೋಶಗಳಿಗೆ ವಿಷವಾಗಬಹುದು. ಈವರೆಗೆ ಹುಟ್ಟಿದ ಬಹುಪಾಲು ಮಕ್ಕಳು ಹಳೆಯ ನಿಧಾನ ಕ್ರಮದ ಫಲವೇ ಆಗಿರುವುದರಿಂದ, ಹೊಸದೆಂದ ಮಾತ್ರಕ್ಕೆ ಅದಕ್ಕೆ ಮಾರುಹೋಗಬೇಕಿಲ್ಲ.

1994ರಲ್ಲಿ ಎಡಿನ್‌ಬರೋದ ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು ಹೀಗೆ ಕಾದಿರಿಸಿದ ಅಂಗಾಂಶವನ್ನು ಕುರಿಗೆ ಮರಳಿ ಕಸಿಮಾಡಿ ಮರಿ ಪಡೆದರು. 2004ರಲ್ಲಿ ಬೆಲ್ಜಿಯಂನ ಡಾ. ಜಾಕ್ ಡೊನೆ, 1997ರಲ್ಲಿ ಶೈತ್ಯೀಕರಿಸಿದ್ದ ಅಂಗಾಂಶವನ್ನು ಹಾಡ್‌ಕಿನ್ ಲಿಂಫೋಮಾದಿಂದ ಗುಣವಾದ ಮಹಿಳೆಗೆ ಕಸಿಮಾಡಿದ ಬಳಿಕ ಆಕೆಗೆ ಹೆಣ್ಣುಮಗು ಜನಿಸಿದ್ದನ್ನು ವರದಿ ಮಾಡಿದರು. ಅಮೆರಿಕದ ಸಂತಾನ ವೈದ್ಯರ ಸಂಘ 2019ರಲ್ಲಿ ಈ ವಿಧಾನವನ್ನು ‘ಪ್ರಾಯೋಗಿಕ’ ಪಟ್ಟಿಯಿಂದ ಕೈಬಿಟ್ಟಿತು. ಹೀಗೆ ಹುಟ್ಟಿದ ಮಕ್ಕಳ ಸಂಖ್ಯೆ ಈಗ 200 ದಾಟಿದೆ.

ಕಸಿಯಾದ ನಾಲ್ಕೈದು ತಿಂಗಳಲ್ಲಿ ಹೆಚ್ಚಿನವರಿಗೆ ಮುಟ್ಟು ಮರಳುತ್ತದೆ. ಮಗು ಪಡೆಯುವವರು ಮಾತ್ರ ಮೂರು ನಾಲ್ಕು ಮಂದಿಯಲ್ಲಿ ಒಬ್ಬರು. ಪಟ್ಟಿಗೆ ಹೊಸ ರಕ್ತನಾಳಗಳು ಬೆಳೆಯಲು ಕೆಲವು ದಿನ ಬೇಕು. ಶೈತ್ಯವನ್ನು ತಾಳಿಕೊಂಡ ಎಷ್ಟೋ ಅಂಡಾಣುಗಳು ಆ ದಿನಗಳಲ್ಲಿ ಆಮ್ಲಜನಕವಿಲ್ಲದೆ ಸಾಯುತ್ತವೆ. ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಇನ್ನೊಂದು ಭಯವಿದೆ: ಅಂಗಾಂಶದ ಜೊತೆ ರೋಗದ ಕೋಶಗಳೂ ಮರಳಬಹುದು. ಅಂಥವರಿಗೆ ಕಸಿಯ ವಿಷಯದಲ್ಲಿ ವೈದ್ಯರು ಬಹಳ ಎಚ್ಚರ ವಹಿಸುತ್ತಾರೆ.

ಇದು ಕ್ಯಾನ್ಸರಿಗಷ್ಟೇ ಸೀಮಿತವಲ್ಲ. ಥಲಸ್ಸೀಮಿಯಾಕ್ಕೆ ಅಸ್ಥಿಮಜ್ಜೆಯ ಕಸಿ ಮಾಡುವ ಮೊದಲು ಕೊಡುವ ಕಿಮೊಥೆರಪಿಯೂ ಅಂಡಾಶಯಕ್ಕೆ ಮಾರಕ. ದುಬೈನ ಬಾಲಕಿಯೊಬ್ಬಳಿಗೆ ಇದೇ ಕಾಯಿಲೆಗೆ ಚಿಕಿತ್ಸೆ ಆರಂಭಿಸುವ ಮುನ್ನ, ಅವಳ 9ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ಅಂಡಾಶಯವನ್ನು ತೆಗೆದಿಡಲಾಗಿತ್ತು. ಡೆನ್ಮಾರ್ಕ್‌ನಲ್ಲಿ ಅದನ್ನು ಮರಳಿ ಕಸಿಮಾಡಿದ ಮೇಲೆ 2016ರ ಡಿಸೆಂಬರ್‌ನಲ್ಲಿ, ತನ್ನ 24ನೇ ವಯಸ್ಸಿನಲ್ಲಿ, ಆಕೆ ಲಂಡನ್‌ನಲ್ಲಿ ಗಂಡುಮಗುವಿಗೆ ತಾಯಿಯಾದಳು.