ಅವ್ವನ ಪಕ್ಕ ಕೂತವರಿಗೆ ನಿದ್ದೆ ಆಗಿದೆಯೇ?

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಕ್ಕಳ ಅಡ್ಮಿಷನ್, ಫ್ಲ್ಯಾಟಿನ ಕಂತು ಮುಗಿದ ಮೇಲೆ ಬರುವ ಮಾತು ಊರಿನಲ್ಲಿರುವ ಅಪ್ಪ-ಅಮ್ಮನದು. ‘ಹೋಮ್ ನರ್ಸ್ ಇಟ್ಟೇವ್ರಿ, ಚಿಂತಿಲ್ಲ’ ಎನ್ನುತ್ತಾರೆ ಹಲವರು. ಆದರೆ ಹಾಗೆ ಇಟ್ಟವರಲ್ಲಿ ಬಹಳಷ್ಟು ಮಂದಿ ನರ್ಸ್ ಆಗಿರುವುದಿಲ್ಲ. ಎಎನ್‌ಎಂ, ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿ ನಂಬರು ಪಡೆದವರು ನರ್ಸ್. ಏಜೆನ್ಸಿಗಳು ಸಾಮಾನ್ಯವಾಗಿ ಕಳಿಸುವುದು ಅಟೆಂಡರ್‌ಗಳನ್ನು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು, ಹಿಡಿದು ನಡೆಸುವುದು ಅವರ ಕೆಲಸ. ಅದೇನೂ ಕಡಿಮೆ ಕೆಲಸವಲ್ಲ. ಆದರೆ ಕ್ಯಾಥೆಟರ್ ಹಾಕುವುದು, ಮೂಗಿನ ನಳಿಕೆ ಬದಲಿಸುವುದು, ಔಷಧಿಯ ಪ್ರಮಾಣ ಹೆಚ್ಚುಕಡಿಮೆ ಮಾಡುವುದು ಅವರ ಕೈಯಲ್ಲಿ ಇರಬಾರದು.

ನಾನು ಚಾಕಣದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ನಮಗೆ ಬೋಲ್ಟ್ ಪೂರೈಸುವವನೂ ಲೋಹ ಯಾವುದು, ಯಾವ ಯಂತ್ರದಲ್ಲಿ ಆಯಿತು, ಯಾರು ತಪಾಸಣೆ ಮಾಡಿದರು ಎಂದು ಬರೆದು ಕೊಡಬೇಕು. ಧಾರವಾಡದಲ್ಲಿ ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ನಿಂತ ಮೇಲೆ ಏಜೆನ್ಸಿಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಮೂರೇ ವಸ್ತು: ಒಂದು ಫೋಟೊ, ಆಧಾರ್ ಪ್ರತಿ, ದರಪಟ್ಟಿ. ತರಬೇತಿಯ ಪ್ರಮಾಣಪತ್ರ ಕೇಳಿದೆ. ‘ಎಂಟು ವರ್ಷ ಅನುಭವ ಐತ್ರಿ’ ಎಂಬ ಉತ್ತರ ಬಂತು. ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಎಂಬ ಕೌಶಲ ತರಬೇತಿಗಳು ದೇಶದಲ್ಲಿವೆ ಎಂದೆ. ಅಂಥವರು ದೊಡ್ಡ ಊರಿಗೆ ಹೋಗಿಬಿಡುತ್ತಾರೆ ಎಂದರು. ಇರಬಹುದು. ಹೋಗುವ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ.

ಮೊದಲ ಅಟೆಂಡರ್ ಊರ ಜಾತ್ರೆಗೆ ಹೋದಾಗ ಬದಲಿಗೆ ಬಂದ ಹುಡುಗಿಯ ಕಾಲದಲ್ಲಿ ಅವ್ವನ ಶುಗರ್ ಒಂದೇ ಸಮನೆ ಏರಿತು. ನಾಲ್ಕನೇ ದಿನ 300 ದಾಟಿದಾಗ ಓಣಿಯ ಔಷಧಿ ಅಂಗಡಿಯವರೇ ಬಂದು ನೋಡಿ ಕಾರಣ ಹಿಡಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿರುವ ಯಾವ ಮನೆಯಲ್ಲೂ ಇದು ಆಗಬಹುದು. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. 100 ಯೂನಿಟ್‌ನದೂ ಇದೆ. ಎರಡಕ್ಕೂ ಸಿರಿಂಜು ಬೇರೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. ಅವ್ವನ ಬಾಟಲಿ 40ರದು, ಆಕೆ ಬಳಸಿದ್ದು ಕಿತ್ತಳೆ ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದಾಗ ಒಳಗೆ ಹೋಗುತ್ತಿದ್ದದ್ದು 8 ಯೂನಿಟ್ ಮಾತ್ರ. ಇದು ತಿರುಗುಮುರುಗಾಗಿ, 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು ಸೇರಿದ್ದರೆ ಅದೇ 20ರ ಗೆರೆಗೆ 50 ಯೂನಿಟ್ ಹೋಗುತ್ತಿತ್ತು. ರಾತ್ರಿ ಅಷ್ಟು ಹೋದರೆ ಬೆಳಿಗ್ಗೆ ಎಬ್ಬಿಸಿದರೂ ಏಳದ ಸ್ಥಿತಿ ಬರಬಹುದು. ಆ ಹುಡುಗಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಟ್ಟಿರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ ‘ಬೇರೆಯವರನ್ನ ಕಳಸ್ತೇವ್ರಿ’ ಎಂದರು. ಬೇರೆಯವರಿಗೆ ಗೊತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಇಂಥ ಏಜೆನ್ಸಿಯನ್ನು ಕೇಳುವವರು ಯಾರು? ಕರ್ನಾಟಕದಲ್ಲಿ ಒಂದು ಸಣ್ಣ ಕ್ಲಿನಿಕ್ ತೆರೆಯಬೇಕಾದರೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಮನೆಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿಗೆಂದೇ ಒಂದು ವ್ಯವಸ್ಥೆ ತರುವ ಪ್ರಯತ್ನ 2019ರಲ್ಲಿ ನಡೆದಿತ್ತು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಗೆ ಆ ವರ್ಷದ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಮನೆ ಆರೈಕೆ ಸಂಸ್ಥೆಗಳು ನೋಂದಣಿಯಾಗಬೇಕು, ಅವು ಕಳಿಸುವವರು ತರಬೇತಿ ಪಡೆದಿರಬೇಕು, ಪೊಲೀಸ್ ಪರಿಶೀಲನೆ ಆಗಿರಬೇಕು ಎಂಬುದು ಅದರಲ್ಲಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ಕಾಯ್ದೆಯಾಗಲಿಲ್ಲ. ಆ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು.

ಇಷ್ಟೆಲ್ಲ ಹೇಳಿದರೂ ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ ಇರುವುದು ದರಪಟ್ಟಿಯಲ್ಲಿ. ಅದರಲ್ಲಿ ಎರಡು ಸಾಲು ಇರುತ್ತವೆ: 12 ಗಂಟೆ, 24 ಗಂಟೆ. ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪವೇ ದುಬಾರಿ, ಹಾಗಾಗಿ ಎಲ್ಲರೂ ಅದನ್ನೇ ಆರಿಸುತ್ತಾರೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಏರ್‌ಬೆಡ್ ಹಾಕಿದರೂ ಹೊರಳಿಸುವುದು ತಪ್ಪುವುದಿಲ್ಲ. ಅಂದರೆ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು. ನಡುವೆ ಡೈಪರ್ ಬದಲಿಸುವುದು, ನೀರು ಕುಡಿಸುವುದು ಬೇರೆ. ಬೆಳಗಾದರೆ ಮತ್ತೆ ಸ್ನಾನ, ಗಂಜಿ, ಗುಳಿಗೆ. ಅವ್ವನ ಬೆನ್ನ ಕೆಳಗೆ ಕೆಂಪಾಗಿದ್ದನ್ನು ಫಿಜಿಯೋಥೆರಪಿಸ್ಟ್ ತೋರಿಸಿದ ದಿನ ನಾನು ಊರಿನಲ್ಲೇ ಇದ್ದೆ. ಅಟೆಂಡರ್ ಅಕ್ಕಾರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ.

‘ಎರಡಕ್ಕ ಎದ್ದೇನ್ರಿ ಸರ. ನಾಲ್ಕಕ್ಕ ಎಚ್ಚರನ ಆಗಲಿಲ್ರಿ. ಹದಿನೇಳು ದಿನಾ ಆತು, ಒಂದು ರಾತ್ರಿನೂ ಪೂರ್ತಿ ಮಲಗಿಲ್ಲ.’

ನಮ್ಮ ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಮೀರಿದರೆ ಓವರ್‌ಟೈಮ್ ಲೆಕ್ಕ ಶುರುವಾಗುತ್ತದೆ. ಎರಡು ಪಾಳಿ ಸತತವಾಗಿ ಮಾಡಿದವನನ್ನು ಪ್ರೆಸ್ ಯಂತ್ರದ ಮುಂದೆ ನಿಲ್ಲಿಸಿದರೆ ಮೊದಲು ಉತ್ತರ ಕೊಡಬೇಕಾದವನು ಮ್ಯಾನೇಜರ್. ಹದಿನೇಳು ದಿನ ನಿದ್ದೆಗೆಟ್ಟವರ ಕೈಯಲ್ಲಿ ಸಿರಿಂಜು ಕೊಟ್ಟರೆ ಕೇಳುವವರಿಲ್ಲ.

ಕ್ಯಾಮೆರಾ ಹಾಕಿಸಿ ಎಂದು ಇಲ್ಲಿಯ ಗೆಳೆಯರು ಸಲಹೆ ಕೊಟ್ಟರು. ಹಿಂಜೆವಾಡಿಯ ಕಚೇರಿಗಳಲ್ಲಿ ಕೂತು ಹುಬ್ಬಳ್ಳಿ, ಬೆಳಗಾವಿಯ ಮನೆಗಳನ್ನು ಮೊಬೈಲಿನಲ್ಲಿ ನೋಡುವವರು ಬಹಳ ಇದ್ದಾರೆ. ಆಕೆ ಫೋನ್ ನೋಡುತ್ತಾ ಕೂತಿದ್ದಾರೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಆಕೆಗೆ ನಿದ್ದೆ ಆಗಿದೆಯೇ ಎಂಬುದು ಕಾಣುವುದಿಲ್ಲ. ಅಲ್ಲದೆ ಅವ್ವನಿಗೆ ಮೈ ಒರೆಸುವುದು, ಬಟ್ಟೆ ಬದಲಿಸುವುದು ಅದೇ ಕೋಣೆಯಲ್ಲಿ, ಆ ಅಕ್ಕಾರು ಮಲಗುವುದೂ ಅಲ್ಲೇ. ಹಾಕಿಸುವವರು ಅಡುಗೆಮನೆಗೋ ಬಾಗಿಲಿಗೋ ಹಾಕಿಸಲಿ, ಇಬ್ಬರಿಗೂ ತಿಳಿಸಿ ಹಾಕಿಸಲಿ.

ನಾವು ಅಣ್ಣ-ತಂಗಿ ಮೂವರೂ ಲೆಕ್ಕ ಹಾಕಿ ಹಗಲಿಗೊಬ್ಬರು, ರಾತ್ರಿಗೊಬ್ಬರು ಎಂದು ಮಾಡಿದೆವು. ಖರ್ಚು ಸುಮಾರು ಒಂದೂವರೆ ಪಟ್ಟಾಯಿತು. ಎಲ್ಲರಿಗೂ ಇದು ಸಾಧ್ಯವಿಲ್ಲ ಎಂಬುದು ಗೊತ್ತು. ಪರಿಚಯದ ಒಂದು ಮನೆಯಲ್ಲಿ ವಾರಕ್ಕೆ ಎರಡು ರಾತ್ರಿ ಸೋದರಮಾವನ ಮಗ ಬಂದು ಮಲಗುತ್ತಾನೆ, ಅಟೆಂಡರ್‌ಗೆ ಅಷ್ಟಾದರೂ ಬಿಡುವು. ಏಜೆನ್ಸಿಯೊಂದಿಗೆ ಒಂದು ಪುಟದ ಕರಾರನ್ನೂ ಬರೆದೆವು. ಬರುವವರ ತರಬೇತಿ ಏನು, ಏನನ್ನು ಮಾಡಬಾರದು, ಬದಲಿಯವರು ಬಂದರೆ ಹಳಬರು ಅರ್ಧ ದಿನ ಜೊತೆಗಿದ್ದು ಹೇಳಿಕೊಡುವುದು, ವಾರಕ್ಕೊಂದು ರಜೆ, ನಾವು ಕೊಡುವ ಹಣದಲ್ಲಿ ಅವರ ಕೈಗೆ ಎಷ್ಟು. ಈ ಕೊನೆಯದಕ್ಕೆ ಅವರು ಬಹಳ ತಕರಾರು ತೆಗೆದರು. ಇನ್ಸುಲಿನ್‌ಗೆ ಈಗ ಓಣಿಯ ಒಬ್ಬ ನೋಂದಾಯಿತ ನರ್ಸ್ ದಿನಕ್ಕೆರಡು ಸಲ ಬಂದು ಹೋಗುತ್ತಾರೆ.

ಮಂಚದ ಪಕ್ಕ ಒಂದು ನೋಟ್‌ಬುಕ್ ಇದೆ. ಮಗ್ಗುಲು ಬದಲಿಸಿದ ಹೊತ್ತು ಅದರಲ್ಲಿ ಬರೆಯಬೇಕು. ರಾತ್ರಿಯ ಅಕ್ಕಾರಿಗೆ ಬರಹ ಅಷ್ಟಕ್ಕಷ್ಟೇ. ಅವರು ಗಂಟೆಯ ಅಂಕಿ ಹಾಕಿ ಮುಂದೆ ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ ಬಿಡಿಸುತ್ತಾರೆ. ಹೋದ ತಿಂಗಳು ಏಜೆನ್ಸಿಯವರು ಫೋನ್ ಮಾಡಿ, ಗದಗಿನ ಇನ್ನೊಂದು ಮನೆಯವರು ಕೇಳುತ್ತಿದ್ದಾರೆ, ಆ ಕರಾರಿನ ಪ್ರತಿ ಕಳಿಸಿ ಎಂದರು. ಕಳಿಸಿದ್ದೇನೆ.