432 ಎಂಬ ಸಂಖ್ಯೆಯೂ ತಂಬೂರಿಯ ಶ್ರುತಿಯೂ

ವಿಶ್ವದ ಸಹಜನಾದವು ಸೆಕೆಂಡಿಗೆ 432 ಕಂಪನಗಳದಂತೆ. ಇಂದಿನ ವಾದ್ಯಗಳನ್ನು 440ಕ್ಕೆ ಹೊಂದಿಸಿರುವುದರಿಂದಲೇ ರಕ್ತದೊತ್ತಡ, ನಿದ್ರಾಹೀನತೆ, ಮನೋವ್ಯಾಕುಲತೆಗಳು ಹೆಚ್ಚಿವೆಯಂತೆ. 432ರ ನಾದವನ್ನು ನಿತ್ಯವೂ ಆಲಿಸಿದರೆ ರೋಗ ತಾನಾಗಿ ಶಮನವಾಗುವುದಂತೆ. ಇಂಥ ಸಂದೇಶಗಳು ಈಗ ಮೊಬೈಲ್‌ಗಳಲ್ಲಿ ಹೇರಳವಾಗಿ ಹರಿದಾಡುತ್ತಿವೆ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಭಜನಾ ಮಂಡಳಿಗಳ ಸದ್ಭಕ್ತರು ಇದರ ನಿಜವೇನೆಂದು ನಮ್ಮನ್ನು ಕೇಳಿದ್ದಾರೆ. ಕೇವಲ ಕುತೂಹಲದ ಪ್ರಶ್ನೆಯಾಗಿದ್ದರೆ ಇದಕ್ಕೆ ಆರೋಗ್ಯ ವಿಭಾಗದಲ್ಲಿ ಸ್ಥಳ ಬೇಕಿರಲಿಲ್ಲ. ಆದರೆ ವೈದ್ಯರು ಕೊಟ್ಟ ಗುಳಿಗೆಯನ್ನು ಬದಿಗಿಟ್ಟು, ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಕುಳಿತವರನ್ನು ನಾವು ಬಲ್ಲೆವು.

ಈ ಮಾತಿನಲ್ಲಿ ಸತ್ಯದ ಅಂಶವೊಂದು ಇಲ್ಲದಿಲ್ಲ. ಬಿಗಿದ ತಂತಿಯ ಅರ್ಧಭಾಗವನ್ನು ಮೀಟಿದರೆ ತಾರಷಡ್ಜ ದೊರೆಯುತ್ತದೆ. ಮೂರರಲ್ಲಿ ಎರಡು ಭಾಗವನ್ನು ಮೀಟಿದರೆ ಪಂಚಮ. ನಾಲ್ಕರಲ್ಲಿ ಮೂರು ಭಾಗವನ್ನು ಮೀಟಿದರೆ ಶುದ್ಧ ಮಧ್ಯಮ. ಇದನ್ನು ಯಾವ ಅರಸನೂ ಆಜ್ಞಾಪಿಸಲಿಲ್ಲ. ತಂಬೂರಿಯ ಒಂದೇ ತಂತಿಯಿಂದ ಮೂಲನಾದದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳ ಸೂಕ್ಷ್ಮನಾದಗಳೂ ಏಕಕಾಲಕ್ಕೆ ಹೊಮ್ಮುತ್ತವೆ. ಜೀವಾಳಿಯ ದಾರವನ್ನು ಸರಿಯಾಗಿ ಕೂರಿಸಿದಾಗ, ಯಾರೂ ಮೀಟದ ಗಾಂಧಾರ ಕೇಳಿಸುವುದು ಈ ಐದನೆಯ ನಾದದಿಂದಲೇ. ಎರಡು ತಂತಿಗಳು ತುಸು ತಪ್ಪಿದ್ದರೆ ನಾದ ಅಲೆಅಲೆಯಾಗಿ ತೊನೆಯುತ್ತದೆ. ಕೂಡಿದೊಡನೆ ಅಲೆ ನಿಲ್ಲುತ್ತದೆ. ಇದು ಪ್ರಕೃತಿಯ ನಿಯಮವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಇದು ಸ್ವರಸ್ವರಗಳ ಸಂಬಂಧದ ನಿಯಮವೇ ಹೊರತು ಯಾವುದೋ ಒಂದು ಸಂಖ್ಯೆಯ ನಿಯಮವಲ್ಲ. ಆ ಸಂಬಂಧವೂ ಪೂರ್ತಿಯಾಗಿ ಕೂಡಿಬರುವುದಿಲ್ಲವೆಂಬುದು ಇನ್ನೂ ಸ್ವಾರಸ್ಯಕರ. ಷಡ್ಜದಿಂದ ಪಂಚಮಕ್ಕೆ, ಆ ಪಂಚಮವನ್ನೇ ಷಡ್ಜವೆಂದು ಭಾವಿಸಿ ಅದರ ಪಂಚಮಕ್ಕೆ, ಹೀಗೆ 12 ಹೆಜ್ಜೆ ಏರಿದರೆ ಏಳು ಸಪ್ತಕ ಮೇಲಿನ ಷಡ್ಜವನ್ನು ಸೇರಬೇಕೆಂದು ತೋರುತ್ತದೆ. ಸೇರುವುದಿಲ್ಲ. ಪಂಚಮಗಳ ದಾರಿಯಲ್ಲಿ ಕಂಪನಗಳು ಸುಮಾರು 129.75 ಪಟ್ಟಾದರೆ, ಸಪ್ತಕಗಳ ದಾರಿಯಲ್ಲಿ 128 ಪಟ್ಟು ಮಾತ್ರ. ಈ ಉಳಿಕೆಯನ್ನು ಎಲ್ಲಿ ಅಡಗಿಸಬೇಕೆಂಬುದು ಮನುಷ್ಯನ ತೀರ್ಮಾನ. ಹಾರ್ಮೋನಿಯಂ ಅದನ್ನು 12 ಮನೆಗಳಿಗೂ ಸಮನಾಗಿ ಹಂಚಿಬಿಡುತ್ತದೆ. ಅದರ ಗಾಂಧಾರವು ತಂಬೂರಿಯ ಗಾಂಧಾರಕ್ಕಿಂತ ತುಸು ಏರಿರುತ್ತದೆ.

ಇದನ್ನು ಅರಿಯಲು ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಕಲ್ಯಾಣವು ಶರಣರ ನೆಲೆಯಾಗುವ ಮೊದಲೇ ಸಂಗೀತಶಾಸ್ತ್ರದ ನೆಲೆಯೂ ಆಗಿತ್ತು. ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು (1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ವಿವರಿಸಿದನು, ಅವನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ರಚಿಸಿದನು. ಈ ಪರಂಪರೆಗೆ ಮೂಲವಾದ ಭರತನ ನಾಟ್ಯಶಾಸ್ತ್ರವು 22 ಶ್ರುತಿಗಳನ್ನು ತೋರಿಸುವುದು ಎರಡು ವೀಣೆಗಳ ಮೂಲಕ. ಒಂದನ್ನು ಹಾಗೆಯೇ ಇರಿಸಿ, ಇನ್ನೊಂದನ್ನು ಹಂತಹಂತವಾಗಿ ಇಳಿಸುತ್ತ, ಯಾವ ಸ್ವರ ಯಾವುದರೊಡನೆ ಕೂಡಿತೆಂದು ಕಿವಿಯಿಂದಲೇ ನಿರ್ಣಯಿಸುವ ಕ್ರಮವದು. ಮೊದಲ ವೀಣೆಯನ್ನು ಇಂತಿಷ್ಟೇ ಎತ್ತರಕ್ಕೆ ಬಿಗಿಯಬೇಕೆಂಬ ಕಟ್ಟಳೆ ಅಲ್ಲಿಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಸ್ವತಃ ಪದಗಳನ್ನು ಕಟ್ಟಿದ ಮಾಣಿಕಪ್ರಭುಗಳ ಸನ್ನಿಧಿಯಾದ ಹುಮನಾಬಾದಿನ ಮಾಣಿಕನಗರವೂ ಸಂಗೀತಕ್ಕೆ ಹೆಸರಾದ ಸ್ಥಳವೇ. ಹಾಡುವವರ ಪದ್ಧತಿ ಎಲ್ಲೆಡೆಯೂ ಒಂದೇ: ಒಬ್ಬರು ಕಪ್ಪು ಒಂದನ್ನು ಷಡ್ಜವಾಗಿಸಿಕೊಂಡರೆ, ಇನ್ನೊಬ್ಬರು ಬಿಳಿ ಒಂದನ್ನು, ಸ್ತ್ರೀಕಂಠದವರು ಹಲವೊಮ್ಮೆ ಕಪ್ಪು ನಾಲ್ಕನ್ನು. 432–440ರ ವಾದವಾದರೋ ಹಾರ್ಮೋನಿಯಮಿನ ಬಿಳಿ ಆರರದು. ಕಂಠಕ್ಕೆ ತಕ್ಕಂತೆ ಷಡ್ಜವನ್ನೇ ಬದಲಿಸುವ ನಮ್ಮ ಸಂಗೀತದಲ್ಲಿ ಆ ವಾದಕ್ಕೆ ಕಾಲೂರಲು ನೆಲವೇ ಇಲ್ಲ.

440 ಎಂಬುದಾದರೂ ಎಲ್ಲಿಂದ ಬಂದಿತು? ಯುರೋಪಿನಲ್ಲಿ ಊರಿಗೊಂದು ಶ್ರುತಿಯಿತ್ತು. ಅದು ಏರುತ್ತ ಹೋಗಿ ಗಾಯಕರ ಕಂಠಕ್ಕೆ ಭಾರವಾದಾಗ 1859ರಲ್ಲಿ ಫ್ರಾನ್ಸ್ ಸರ್ಕಾರವು 435 ಎಂದು ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನ ಸಮ್ಮೇಳನವೊಂದು 440ನ್ನು ಒಪ್ಪಿತು. 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಅದನ್ನೇ ಶಿಫಾರಸು ಮಾಡಿತು. ಇದು ವ್ಯವಹಾರದ ಒಪ್ಪಂದ, ಸೇರು ಪಾವುಗಳ ಬದಲಿಗೆ ಕಿಲೋಗ್ರಾಂ ಬಂದ ಹಾಗೆ. ಇನ್ನು 432 ಪ್ರಕೃತಿಯ ಸಂಖ್ಯೆಯೆನ್ನುವವರು ಒಂದನ್ನು ಮರೆಯುತ್ತಾರೆ: ಸೆಕೆಂಡೇ ಮನುಷ್ಯನು ಮಾಡಿಕೊಂಡ ಅಳತೆ. ನಮ್ಮ ಹಿರಿಯರಂತೆ ವಿಘಳಿಗೆಯಿಂದ ಎಣಿಸಿದರೆ, ವಿಘಳಿಗೆಗೆ 24 ಸೆಕೆಂಡು, ಅದೇ ನಾದ 10,368 ಆಗುತ್ತದೆ. ಆಗ ಯಾರಿಗೂ ಅದರಲ್ಲಿ ಮಹಿಮೆ ಕಾಣದು. ಭೂಮಿಯ ನಾಡಿ 8, ಅದರ 54 ಪಟ್ಟು 432 ಎಂಬ ಲೆಕ್ಕವೂ ಪ್ರಚಾರದಲ್ಲಿದೆ. ಅವರು ಹೇಳುವ ಶೂಮನ್ ಅನುರಣನವು ಸುಮಾರು 7.83, ಅದು ವಿದ್ಯುತ್ಕಾಂತೀಯ ಅಲೆ, ಕಿವಿಗೆ ಕೇಳುವ ನಾದವೇ ಅಲ್ಲ.

ಹಾಗಾದರೆ ವಚನಗಾಯನದಿಂದ, ಭಜನೆಯಿಂದ ದೇಹಕ್ಕೆ ದೊರೆಯುವ ಹಿತವು ಭ್ರಮೆಯೇ? ಅಲ್ಲ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಅಧ್ಯಯನವೊಂದು 23 ಆರೋಗ್ಯವಂತರನ್ನು ಪರೀಕ್ಷಿಸಿತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ, ಬೌದ್ಧರ ಮಂತ್ರವಾಗಲಿ, ಪಠಿಸುವಾಗ ಉಸಿರಾಟವು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ದೇಹದ ಸಹಜ ವ್ಯವಸ್ಥೆಯೂ ಉತ್ತಮಗೊಂಡವು. ಧರ್ಮ ಬೇರೆ, ಭಾಷೆ ಬೇರೆ, ಫಲ ಒಂದೇ. ಅಲ್ಲಿ ಕೆಲಸ ಮಾಡಿದ್ದು ನಿಧಾನವಾದ ಉಸಿರು. ದೀರ್ಘವಾದ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿ, ಮತ್ತೆ ತುಂಬಿಕೊಳ್ಳುವ ನಮ್ಮ ಗಾಯನದಲ್ಲಿಯೂ ಉಸಿರು ಹೀಗೆಯೇ ನೀಳವಾಗುತ್ತದೆ. 432ರ ಪಕ್ಷದವರು ಮುಂದಿಡುವ 2019ರ ಇಟಲಿಯ ಪರೀಕ್ಷೆಯಲ್ಲಿ ಇದ್ದವರು 33 ಮಂದಿ. 440ಕ್ಕಿಂತ 432ರ ಸಂಗೀತ ಕೇಳಿದಾಗ ನಾಡಿಬಡಿತ ಸ್ವಲ್ಪ ಇಳಿಯಿತು. ರಕ್ತದೊತ್ತಡದಲ್ಲಿ ಗಣನೀಯ ಭೇದ ಕಾಣಲಿಲ್ಲ. ಇಷ್ಟನ್ನೇ ನಂಬಿ ಗುಳಿಗೆ ಬಿಡುವುದು ಅಪಾಯ. ರಕ್ತದೊತ್ತಡ ಏರಿದ್ದು ಎಷ್ಟೋ ಸಲ ರೋಗಿಗೆ ತಿಳಿಯುವುದೇ ಇಲ್ಲ. ಮನಸ್ಸು ಶಾಂತವಾಗಿದೆಯೆಂದ ಮಾತ್ರಕ್ಕೆ ರಕ್ತನಾಳವೂ ಶಾಂತವಾಗಿದೆಯೆಂದಲ್ಲ. ಭಜನೆ ನಡೆಯಲಿ, ಗುಳಿಗೆಯೂ ನಡೆಯಲಿ. ಪ್ರಮಾಣ ಇಳಿಸುವ ಮಾತನ್ನು ವೈದ್ಯರೇ ಆಡಲಿ.

ಬಸವಣ್ಣನವರು ದೇಹವನ್ನೇ ವಾದ್ಯವಾಗಿ ಕಂಡ ವಚನವನ್ನು ನಮ್ಮ ಓದುಗರೆಲ್ಲ ಬಲ್ಲರು. ಆ ವಾದ್ಯದ ರಕ್ಷಣೆಗೆ ಸಂಬಂಧಿಸಿದ ಎರಡು ಮಾತುಗಳು ಉಳಿದಿವೆ. ನಾದವು ದೇಹಕ್ಕೆ ನಿಶ್ಚಿತವಾಗಿ ಹಾನಿ ಮಾಡುವುದು ಅಬ್ಬರದಿಂದ. ವಾರಕ್ಕೆ 40 ಗಂಟೆ ಆಲಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್; ಜಾತ್ರೆಯ ಧ್ವನಿವರ್ಧಕದ ಎದುರು ನಿಂತ ಮಗುವಿನ ಕಿವಿ ಅದನ್ನು ಎಷ್ಟೋ ಮೀರಿದ ಸದ್ದನ್ನು ಸಹಿಸುತ್ತಿರುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಇನ್ನೊಂದು, ಮಂಡಳಿಗಳು ಹಿಡಿಯುವ ಶ್ರುತಿಯದು. ಹಾರ್ಮೋನಿಯಂ ನುಡಿಸುವ ತರುಣನಿಗೆ ಒಗ್ಗಿದ ಮನೆಯಲ್ಲಿ ಎಲ್ಲರೂ ಹಾಡತೊಡಗಿದರೆ, ಹಿರಿಯರು ತಾರಸ್ಥಾಯಿಯಲ್ಲಿ ಕತ್ತಿನ ನರ ಉಬ್ಬಿಸಿ ಕೂಗಬೇಕಾಗುತ್ತದೆ. ಉಸಿರು ನೀಳವಾಗುವ ಬದಲು ತುಂಡಾಗುತ್ತದೆ. ಕಪ್ಪು ಎರಡರಲ್ಲಿ ಹಾಡುವ ಮಂಡಳಿ ಬಿಳಿ ಒಂದಕ್ಕೆ ಇಳಿದು ನೋಡಲಿ. ಅದೂ ಸಾಲದಿದ್ದರೆ ಇನ್ನೊಂದು ಮನೆ ಇಳಿಯಲಿ. ಗುಂಪಿನಲ್ಲಿ ಅತ್ಯಂತ ವಯಸ್ಸಾದವರು ಪಲ್ಲವಿಯನ್ನು ಕೆಮ್ಮದೆ ಮುಗಿಸುವ ಮನೆ ಯಾವುದೋ, ಅಲ್ಲಿ ಷಡ್ಜವನ್ನು ನಿಲ್ಲಿಸಬಹುದು.