ಲೈವ್‌ಜರ್ನಲ್

ಲೈವ್‌ಜರ್ನಲ್ ಎಂಬುದು ದಿನಚರಿಯನ್ನು ಅಂತರಜಾಲದಲ್ಲಿ ಬರೆದು ಸ್ನೇಹಿತರೊಡನೆ ಹಂಚಿಕೊಳ್ಳಲು ಅನುವು ಮಾಡಿಕೊಡುವ ಜಾಲತಾಣ. ಅಮೆರಿಕದ ತಂತ್ರಾಂಶ ರಚನಕಾರ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಇದನ್ನು ೧೯೯೯ರ ಏಪ್ರಿಲ್ ೧೫ರಂದು ಆರಂಭಿಸಿದರು. ೨೦೦೭ರ ಡಿಸೆಂಬರಿನಿಂದ ಇದು ರಷ್ಯಾದ ಒಡೆತನದಲ್ಲಿದೆ. ತರಗತಿಗೆ ತಡವಾದದ್ದು, ಒಲೆಯ ಮೇಲಿಟ್ಟ ಅಡುಗೆ ಸೀದುಹೋದದ್ದು, ಕೊಠಡಿಯ ಜೊತೆಗಾರನೊಡನೆ ಮಾತು ಬಿಟ್ಟದ್ದು ಮುಂತಾದ ದಿನನಿತ್ಯದ ಸಣ್ಣ ಸಂಗತಿಗಳನ್ನು ಬರೆದು, ಅವನ್ನು ಯಾರು ಓದಬೇಕೆಂಬುದನ್ನು ಬರೆದವರೇ ನಿರ್ಧರಿಸುವ ಏರ್ಪಾಡನ್ನು ವ್ಯಾಪಕ ಬಳಕೆಗೆ ತಂದ ತಾಣಗಳಲ್ಲಿ ಇದು ಮುಖ್ಯವಾದುದು. ಇಂದಿನ ಸಾಮಾಜಿಕ ಜಾಲತಾಣಗಳ ಹಲವು ಸೌಲಭ್ಯಗಳು ಇಲ್ಲಿ ಮೊದಲೇ ಬಳಕೆಯಲ್ಲಿದ್ದವು.

ಹಿನ್ನೆಲೆ

ಅಂತರಜಾಲದಲ್ಲಿ ಸ್ವಂತ ಬದುಕನ್ನು ಬರೆಯುವ ರೂಢಿ ಲೈವ್‌ಜರ್ನಲ್‌ಗಿಂತ ಹಳೆಯದು. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ೧೯೯೪ರಲ್ಲಿಯೇ ತಮ್ಮ ಜಾಲಪುಟವನ್ನು ಆರಂಭಿಸಿ, ಮುಂದೆ ತಮ್ಮ ಬದುಕಿನ ವಿವರಗಳನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆಯತೊಡಗಿದರು. ಆ ಕಾಲದ ದಿನಚರಿಕಾರರು ಪ್ರತಿಯೊಂದು ಪುಟವನ್ನೂ ಸಂಕೇತಭಾಷೆಯಲ್ಲಿ ತಾವೇ ಸಿದ್ಧಪಡಿಸಿ ಸರ್ವರ್‌ಗೆ ಏರಿಸಬೇಕಾಗಿತ್ತು. ಹಾಗೆ ಏರಿಸಿದ ಪುಟವನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದಾಗಿತ್ತು. ೧೯೯೮ರ ಅಕ್ಟೋಬರಿನಲ್ಲಿ ಆರಂಭವಾದ ಓಪನ್ ಡೈರಿ ಎಂಬ ತಾಣ ಈ ಶ್ರಮವನ್ನು ತಗ್ಗಿಸಿತು. ಓದುಗರು ದಿನಚರಿಯ ಕೆಳಗೆ ತಮ್ಮ ಅಭಿಪ್ರಾಯ ಬರೆಯುವ ಸೌಲಭ್ಯವನ್ನೂ ಅದು ನೀಡಿತು.

ಎಲ್ಲರಿಗೂ ತೆರೆದಿಟ್ಟ ದಿನಚರಿಯ ತೊಡಕು ಬೇಗನೆ ಗೋಚರಿಸಿತು. ಒಬ್ಬನ ದಿನಚರಿಯಲ್ಲಿ ಅವನ ತಾಯಿ, ಗೆಳತಿ, ಸಹಪಾಠಿ, ಮೇಲಧಿಕಾರಿ ಎಲ್ಲರೂ ಇರುತ್ತಾರೆ. ಅವರಾರೂ ಪ್ರಕಟಣೆಗೆ ಒಪ್ಪಿಗೆ ಕೊಟ್ಟವರಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬರೆದ ಹಾಲ್ ಅವರೂ ೨೦೦೫ರ ಆರಂಭದಲ್ಲಿ, ಹತ್ತಿರದವರೊಡನೆ ತಮ್ಮ ಸಂಬಂಧಗಳಿಗೆ ಈ ಬರವಣಿಗೆ ಅಡ್ಡಿಯಾಗುತ್ತಿದೆಯೆಂಬ ಸಂಕಟದಿಂದ ಅದನ್ನು ನಿಲ್ಲಿಸಿದರು.

ಆರಂಭ

ಫಿಟ್ಜ್‌ಪ್ಯಾಟ್ರಿಕ್ ಆರಿಗಾನ್ ರಾಜ್ಯದ ಬೀವರ್‌ಟನ್‌ನಲ್ಲಿ ಬೆಳೆದವರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಊರು ಬಿಟ್ಟು ಬೇರೆಬೇರೆ ಕಡೆ ಚದುರಿಹೋಗಿದ್ದ ತಮ್ಮ ಶಾಲಾ ಗೆಳೆಯರಿಗೆ ತಮ್ಮ ಆಗುಹೋಗುಗಳನ್ನು ತಿಳಿಸುವ ಸಲುವಾಗಿ ಈ ತಾಣವನ್ನು ರಚಿಸಿದರು. ವ್ಯಾಪಾರದ ಯೋಜನೆ ಅದರ ಹಿಂದೆ ಇರಲಿಲ್ಲ. ಮುಂದೆ ತಾಣವನ್ನು ನಡೆಸಲು ಡಂಗಾ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತಾಣದ ತಂತ್ರಾಂಶವನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ್ದರಿಂದ ಇತರರೂ ಅದನ್ನು ಬಳಸಿ ಇಂತಹುದೇ ತಾಣಗಳನ್ನು ಕಟ್ಟಿದರು. ಫ್ರ್ಯಾಂಕ್ ಎಂಬ ಹೆಸರಿನ ಆಡು ತಾಣದ ಲಾಂಛನಪ್ರಾಣಿ.

ಬಳಕೆದಾರರು ಹೆಚ್ಚಿದಂತೆ ಸರ್ವರ್‌ಗಳ ಮೇಲೆ ಹೊರೆ ಬಿದ್ದಿತು. ಆದುದರಿಂದ ೨೦೦೧ರ ಸೆಪ್ಟೆಂಬರಿನಿಂದ ೨೦೦೩ರ ಡಿಸೆಂಬರಿನವರೆಗೆ, ಈಗಾಗಲೇ ಸದಸ್ಯರಾದವರಿಂದ ಆಹ್ವಾನ ಸಂಕೇತ ಪಡೆದವರು ಅಥವಾ ಹಣ ತೆತ್ತವರು ಮಾತ್ರ ಹೊಸ ಖಾತೆ ತೆರೆಯಬಹುದಾಗಿತ್ತು. ಹೊರೆ ತಗ್ಗಿಸಲು ಮಾಡಿದ ಈ ನಿರ್ಬಂಧದಿಂದ ಇನ್ನೊಂದು ಪರಿಣಾಮವೂ ಆಯಿತು: ಹೊಸದಾಗಿ ಬಂದವರಲ್ಲಿ ಬಹುಮಂದಿಗೆ ಒಳಗೆ ಪರಿಚಯದವರೊಬ್ಬರಾದರೂ ಇರುತ್ತಿದ್ದರು.

ಬರಹದ ಸ್ವರೂಪ

ಲೈವ್‌ಜರ್ನಲ್‌ನ ಒಂದು ಬರಹದಲ್ಲಿ ಶೀರ್ಷಿಕೆ, ದಿನಾಂಕ ಮತ್ತು ಒಡಲುಗಳ ಜೊತೆಗೆ, ಬರೆಯುವ ಹೊತ್ತಿನ ಮನಃಸ್ಥಿತಿಯನ್ನು ಮತ್ತು ಆಗ ಕೇಳುತ್ತಿರುವ ಹಾಡನ್ನು ನಮೂದಿಸಲು ಪ್ರತ್ಯೇಕ ಜಾಗಗಳಿದ್ದವು. ಮನಃಸ್ಥಿತಿಯನ್ನು ಒಂದು ಪಟ್ಟಿಯಿಂದ ಆರಿಸಿಕೊಂಡರೆ ಅದಕ್ಕೆ ತಕ್ಕ ಪುಟ್ಟ ಚಿತ್ರವೂ ಮೂಡುತ್ತಿತ್ತು. ಒಬ್ಬರೇ ಹಲವು ಭಾವಚಿತ್ರಗಳನ್ನಿಟ್ಟುಕೊಂಡು ಸಂದರ್ಭಕ್ಕೊಂದನ್ನು ಬಳಸಬಹುದಾಗಿತ್ತು. ಅಂದು ಹೇಳಲು ವಿಶೇಷವೇನೂ ಇಲ್ಲದಿದ್ದರೂ, ಬೇಸರವಾಗಿದೆ ಎಂಬ ಗುರುತು ಮತ್ತು ಒಂದು ಹಾಡಿನ ಹೆಸರು ಇಷ್ಟೇ ಗೆಳೆಯರಿಗೆ ಸಾಕಷ್ಟನ್ನು ತಿಳಿಸುತ್ತಿದ್ದವು.

ತಾಣದ ಹೃದಯಭಾಗವೆಂದರೆ ಸ್ನೇಹಿತರ ಪುಟ. ಬಳಕೆದಾರರು ತಮ್ಮ ಪಟ್ಟಿಗೆ ಸೇರಿಸಿಕೊಂಡವರೆಲ್ಲರ ಬರಹಗಳು ಅಲ್ಲಿ ಹೊಸತು ಮೊದಲು, ಹಳತು ನಂತರ ಎಂಬ ಕ್ರಮದಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಹತ್ತಾರು ಗೆಳೆಯರ ಪುಟಗಳನ್ನು ಒಂದೊಂದಾಗಿ ತೆರೆದು ನೋಡುವ ಕೆಲಸ ಇದರಿಂದ ತಪ್ಪಿತು. ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ಅನ್ನು ಆರಂಭಿಸಿದ್ದು ೨೦೦೬ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಲೈವ್‌ಜರ್ನಲ್ ಬಳಕೆದಾರರಿಗೆ ಸ್ನೇಹಿತರ ಪುಟ ವರ್ಷಗಳ ಅಭ್ಯಾಸವಾಗಿತ್ತು. ಬರಹದ ಕೆಳಗಿನ ಟಿಪ್ಪಣಿಗಳು ಕವಲೊಡೆಯುವಂತೆ ಜೋಡಣೆಯಾಗುತ್ತಿದ್ದುದರಿಂದ, ಎರಡು ಸಾಲಿನ ದಿನಚರಿಗೆ ಪುಟಗಟ್ಟಲೆ ಮಾತುಕತೆ ಬೆಳೆಯುವುದು ಸಾಮಾನ್ಯವಾಗಿತ್ತು. ಸಮಾನ ಆಸಕ್ತರು ಒಟ್ಟಾಗಿ ಬರೆಯುವ ಸಮುದಾಯ ಪುಟಗಳೂ ಇದ್ದವು.

ಇಂತಹ ಬರಹಗಳನ್ನು ಹೊರಗಿನವರು ನಿಸ್ಸಾರವೆಂದು ಗೇಲಿ ಮಾಡಿದ್ದುಂಟು. ಭಾಷಾಶಾಸ್ತ್ರದ ದೃಷ್ಟಿಯಿಂದ ಅದು ಪೂರ್ತಿ ಸರಿಯಾದ ತೀರ್ಮಾನವಲ್ಲ. ಮಾಹಿತಿಗಿಂತ ಸಂಬಂಧವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಆಡುವ ಮಾತುಗಳಿವೆ ಎಂದು ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮ್ಯಾಲಿನೋವ್‌ಸ್ಕಿ ೧೯೨೩ರಲ್ಲಿಯೇ ಗುರುತಿಸಿ ಅದಕ್ಕೊಂದು ಪಾರಿಭಾಷಿಕ ಹೆಸರನ್ನೂ ಕೊಟ್ಟಿದ್ದರು. ಕನ್ನಡದಲ್ಲಿ ದಾರಿಯಲ್ಲಿ ಎದುರಾದವರನ್ನು "ಊಟ ಆಯ್ತಾ?" ಎಂದು ಕೇಳುವುದು ಇದಕ್ಕೆ ಒಳ್ಳೆಯ ಉದಾಹರಣೆ, ಕೇಳಿದವರಿಗೆ ಊಟದ ಲೆಕ್ಕ ಬೇಕಾಗಿರುವುದಿಲ್ಲ. ದೂರದಲ್ಲಿರುವ ಗೆಳೆಯರ ದಿನದ ಸಣ್ಣ ವಿವರಗಳನ್ನು ಓದುತ್ತಿದ್ದರೆ ಅವರು ಹತ್ತಿರವೇ ಇದ್ದಂತೆ ಅನಿಸುವ ಈ ಅನುಭವವನ್ನು ವಿನ್ಯಾಸ ಕ್ಷೇತ್ರದ ಲೀಸಾ ರೀಶೆಲ್ಟ್ ೨೦೦೭ರಲ್ಲಿ 'ಆ್ಯಂಬಿಯೆಂಟ್ ಇಂಟಿಮಸಿ', ಅಂದರೆ ಸುತ್ತಲೂ ಆವರಿಸಿರುವ ಆಪ್ತತೆ ಎಂದು ಕರೆದರು.

ಓದುಗರ ವಲಯ

ಪ್ರತಿ ಬರಹಕ್ಕೂ ಅದನ್ನು ಯಾರು ಓದಬಹುದೆಂದು ಬೇರೆಬೇರೆಯಾಗಿ ಗೊತ್ತುಪಡಿಸುವುದು ಲೈವ್‌ಜರ್ನಲ್‌ನ ವಿಶೇಷ. ಬರಹವನ್ನು ಎಲ್ಲರಿಗೂ ತೆರೆದಿಡಬಹುದು. ಪಟ್ಟಿಯಲ್ಲಿರುವ ಸ್ನೇಹಿತರಿಗೆ ಮಾತ್ರ ತೋರಿಸಬಹುದು. ಆ ಸ್ನೇಹಿತರಲ್ಲಿಯೇ ಒಂದು ಗುಂಪನ್ನು ಮಾಡಿ ಅವರಿಗಷ್ಟೇ ಮೀಸಲಿಡಬಹುದು. ಇಲ್ಲವೇ ಕಾಗದದ ದಿನಚರಿಯಂತೆ ತಾನೊಬ್ಬನೇ ಇಟ್ಟುಕೊಳ್ಳಬಹುದು. ಓದಲು ಅನುಮತಿಯಿಲ್ಲದವರಿಗೆ ಅಂತಹ ಬರಹವೊಂದು ಇದೆಯೆಂಬ ಸುಳಿವೂ ದಿನಚರಿಯ ಪುಟದಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ಒಂದೇ ದಿನಚರಿ ಒಬ್ಬರಿಗೆ ಮೂರು ಬರಹಗಳ ತೆಳುವಾದ ಪುಟವಾಗಿಯೂ ಇನ್ನೊಬ್ಬರಿಗೆ ಮುನ್ನೂರು ಬರಹಗಳ ಸಂಗ್ರಹವಾಗಿಯೂ ಕಾಣಬಹುದಾಗಿತ್ತು. ಅನೇಕರು ತಮ್ಮ ಪುಟದ ಮೇಲೆ 'ಸ್ನೇಹಿತರಿಗೆ ಮಾತ್ರ' ಎಂಬ ಫಲಕವೊಂದನ್ನು ಹಾಕಿ, ಸೇರಬಯಸುವವರು ಕೆಳಗೆ ಟಿಪ್ಪಣಿ ಬರೆಯಿರಿ ಎಂದು ಸೂಚಿಸಿ, ಉಳಿದುದನ್ನೆಲ್ಲ ಮರೆಯಲ್ಲಿಡುತ್ತಿದ್ದರು.

ಈ ಏರ್ಪಾಡಿನಲ್ಲಿ ಒಂದು ಗೊಂದಲ ಅಡಗಿತ್ತು. 'ಸ್ನೇಹಿತ' ಎಂಬ ಒಂದೇ ಪದ ಎರಡು ಬೇರೆ ಕೆಲಸಗಳನ್ನು ಮಾಡುತ್ತಿತ್ತು. ಒಬ್ಬರನ್ನು ಪಟ್ಟಿಗೆ ಸೇರಿಸಿದರೆ, ಅವರ ಬರಹಗಳನ್ನು ನಾವು ಓದಬಯಸುತ್ತೇವೆ ಎಂದೂ ಆಗುತ್ತಿತ್ತು, ನಮ್ಮ ಗುಟ್ಟಿನ ಬರಹಗಳನ್ನು ಅವರು ಓದಬಹುದು ಎಂದೂ ಆಗುತ್ತಿತ್ತು. ಸೇರಿಸಲು ಎದುರಿನವರ ಒಪ್ಪಿಗೆಯೂ ಬೇಕಿರಲಿಲ್ಲ. ಚೆನ್ನಾಗಿ ಬರೆಯುವ ಅಪರಿಚಿತರನ್ನು ಓದಲೆಂದು ಸೇರಿಸಿದವರು ತಮ್ಮ ಖಾಸಗಿ ಬರಹವನ್ನೂ ಅವರಿಗೆ ತೆರೆದಿಟ್ಟಂತಾಗುತ್ತಿತ್ತು. ಇದಕ್ಕಿಂತ ಕಷ್ಟವಾದುದು ಪಟ್ಟಿಯಿಂದ ತೆಗೆಯುವುದು. ಓದಲು ಪುರುಸೊತ್ತಿಲ್ಲವೆಂದು ಒಬ್ಬರ ಹೆಸರನ್ನು ತೆಗೆದರೆ, ತೆಗೆಸಿಕೊಂಡವರು ಅದನ್ನು ಸ್ನೇಹ ಮುರಿದಂತೆ ಭಾವಿಸುತ್ತಿದ್ದರು. ಇದನ್ನು ತಪ್ಪಿಸಲು, ಪಟ್ಟಿಯನ್ನು ಮೊಟಕುಗೊಳಿಸುವ ಮೊದಲು ಕಾರಣ ವಿವರಿಸಿ ಎಲ್ಲರಿಗೂ ಒಂದು ಬರಹ ಪ್ರಕಟಿಸುವ ಶಿಷ್ಟಾಚಾರವೇ ಬೆಳೆಯಿತು. ಡೇವಿಡ್ ಫೋನೋ ಮತ್ತು ಕೇಟ್ ರೇನ್ಸ್-ಗೋಲ್ಡಿ ಲೈವ್‌ಜರ್ನಲ್ ಬಳಕೆದಾರರ ನಡುವೆ ನಡೆಸಿದ ಅಧ್ಯಯನದಲ್ಲಿ, ಈ ಒಂದು ಪದಕ್ಕೆ ಬೇರೆಬೇರೆ ಜನ ಬೇರೆಬೇರೆ ಅರ್ಥ ಹಚ್ಚಿಕೊಂಡದ್ದೇ ಮನಸ್ತಾಪಗಳಿಗೆ ಎಡೆಯಾಗುತ್ತಿದ್ದುದು ಕಂಡುಬಂದಿತು.

ಬೀಗ ಅಪರಿಚಿತರನ್ನು ಹೊರಗಿಡುತ್ತದೆಯೇ ಹೊರತು ಗೆಳೆಯರ ಬಾಯನ್ನು ಮುಚ್ಚುವುದಿಲ್ಲ. ಮುಚ್ಚಿಟ್ಟ ಬರಹವನ್ನು ನಕಲಿಸಿ ಹೊರಗಿನವರಿಗೆ ಕಳುಹಿಸುವುದನ್ನು ಯಾವ ತಾಂತ್ರಿಕ ವ್ಯವಸ್ಥೆಯೂ ತಡೆಯಲಾರದಾಗಿತ್ತು. ಹಾಗಾದಾಗ ಗೆಳೆಯರ ಇಡೀ ಗುಂಪು ಒಡೆಯುವಷ್ಟು ಜಗಳಗಳಾಗುತ್ತಿದ್ದವು.

ತಾಂತ್ರಿಕ ಕೊಡುಗೆ

ಈ ಓದುಗರ ವಲಯದ ವ್ಯವಸ್ಥೆಯಿಂದ ಒಂದು ತಾಂತ್ರಿಕ ಸಮಸ್ಯೆಯೂ ಹುಟ್ಟಿತು. ಸುದ್ದಿಪತ್ರಿಕೆಯ ಜಾಲಪುಟ ಎಲ್ಲರಿಗೂ ಒಂದೇ ಆಗಿರುವುದರಿಂದ ಅದನ್ನು ಒಮ್ಮೆ ಸಿದ್ಧಪಡಿಸಿ ಲಕ್ಷ ಜನರಿಗೆ ಬಡಿಸಬಹುದು. ಸ್ನೇಹಿತರ ಪುಟ ಪ್ರತಿಯೊಬ್ಬರಿಗೂ ಬೇರೆ. ತೆರೆದಾಗಲೆಲ್ಲ ಯಾರ ಯಾವ ಬರಹಕ್ಕೆ ಅನುಮತಿಯಿದೆ ಎಂದು ದತ್ತಸಂಚಯದಲ್ಲಿ ಹುಡುಕಬೇಕು. ಪದೇಪದೇ ಬೇಕಾಗುವ ಮಾಹಿತಿಯನ್ನು ಹಲವು ಸರ್ವರ್‌ಗಳ ಸ್ಮೃತಿಕೋಶದಲ್ಲಿ ಹಂಚಿಟ್ಟು ಈ ಹುಡುಕಾಟವನ್ನು ತಗ್ಗಿಸುವ ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶವನ್ನು ಫಿಟ್ಜ್‌ಪ್ಯಾಟ್ರಿಕ್ ೨೦೦೩ರಲ್ಲಿ ಲೈವ್‌ಜರ್ನಲ್‌ಗಾಗಿ ಬರೆದರು. ಮುಂದೆ ಫೇಸ್‌ಬುಕ್, ಟ್ವಿಟರ್ ಮತ್ತು ವಿಕಿಪೀಡಿಯ ಸಹ ಇದನ್ನು ಬಳಸಿಕೊಂಡವು. ಒಂದು ತಾಣದ ಗುರುತಿನಿಂದಲೇ ಇತರ ತಾಣಗಳನ್ನು ಪ್ರವೇಶಿಸಲು ನೆರವಾಗುವ ಓಪನ್‌ಐಡಿ ಪದ್ಧತಿಯೂ ೨೦೦೫ರಲ್ಲಿ ಇಲ್ಲಿಯೇ ರೂಪುಗೊಂಡಿತು.

ಒಡೆತನದ ಬದಲಾವಣೆ

೨೦೦೫ರ ಜನವರಿಯಲ್ಲಿ ಸಿಕ್ಸ್ ಅಪಾರ್ಟ್ ಎಂಬ ಅಮೆರಿಕದ ಕಂಪನಿ ಡಂಗಾ ಇಂಟರ್‌ಆ್ಯಕ್ಟಿವ್ ಅನ್ನು ಕೊಂಡುಕೊಂಡಿತು. ೨೦೦೭ರ ಮೇ ತಿಂಗಳ ಕೊನೆಯಲ್ಲಿ, ಮಕ್ಕಳ ಲೈಂಗಿಕ ಶೋಷಣೆಗೆ ಸಂಬಂಧಿಸಿದ ಪದಗಳು ಆಸಕ್ತಿಗಳ ಪಟ್ಟಿಯಲ್ಲಿವೆ ಎಂಬ ದೂರಿನ ಮೇಲೆ ಸುಮಾರು ೫೦೦ ಖಾತೆಗಳನ್ನು ಏಕಾಏಕಿ ಅಮಾನತುಗೊಳಿಸಲಾಯಿತು. ಅವುಗಳಲ್ಲಿ ಕಾದಂಬರಿಯೊಂದನ್ನು ಚರ್ಚಿಸುತ್ತಿದ್ದ ಗುಂಪು, ಕಥೆಗಳನ್ನು ಬರೆಯುತ್ತಿದ್ದ ಅಭಿಮಾನಿ ಸಮುದಾಯಗಳು ಸಹ ಸೇರಿದ್ದವು. ಅಮಾನತಾದ ಹೆಸರುಗಳ ಮೇಲೆ ಅಡ್ಡಗೆರೆ ಎಳೆದಂತೆ ಕಾಣುತ್ತಿದ್ದುದರಿಂದ ಈ ಘಟನೆಗೆ 'ಸ್ಟ್ರೈಕ್‌ಥ್ರೂ' ಎಂಬ ಹೆಸರು ಬಂದಿತು. ಕಂಪನಿ ಕ್ಷಮೆ ಕೇಳಿ ಹಲವು ಖಾತೆಗಳನ್ನು ಮರಳಿಸಿತು. ಆದರೆ ವರ್ಷಗಳ ದಿನಚರಿ ಇನ್ನೊಬ್ಬರ ಸರ್ವರ್‌ನಲ್ಲಿ, ಇನ್ನೊಬ್ಬರ ಮರ್ಜಿಯಲ್ಲಿ ಇದೆಯೆಂಬುದು ಬಳಕೆದಾರರಿಗೆ ಆಗ ಮನವರಿಕೆಯಾಯಿತು. ತಾಣದ ಹಿಂದಿನ ಸಿಬ್ಬಂದಿಯಾಗಿದ್ದ ಡೆನಿಸ್ ಪಾವೊಲುಚಿ ಮತ್ತು ಮಾರ್ಕ್ ಸ್ಮಿತ್, ಲೈವ್‌ಜರ್ನಲ್‌ನ ಮುಕ್ತ ತಂತ್ರಾಂಶವನ್ನೇ ಆಧರಿಸಿದ ಡ್ರೀಮ್‌ವಿಡ್ತ್ ತಾಣವನ್ನು ೨೦೦೯ರಲ್ಲಿ ತೆರೆದರು. ಅಲ್ಲಿ 'ಸ್ನೇಹಿತ' ಎಂಬ ಪದವನ್ನೇ ಕೈಬಿಟ್ಟು, ಇನ್ನೊಬ್ಬರನ್ನು ಓದುವುದನ್ನೂ ಅವರಿಗೆ ಓದಲು ಅನುಮತಿ ಕೊಡುವುದನ್ನೂ ಎರಡು ಪ್ರತ್ಯೇಕ ಆಯ್ಕೆಗಳನ್ನಾಗಿ ಮಾಡಲಾಯಿತು.

೨೦೦೭ರ ಡಿಸೆಂಬರಿನಲ್ಲಿ ರಷ್ಯಾದ ಸೂಪ್ ಕಂಪನಿ ಲೈವ್‌ಜರ್ನಲ್‌ನ ಒಡೆತನ ಪಡೆಯಿತು. ರಷ್ಯಾದಲ್ಲಿ ಈ ತಾಣದ ಚರಿತ್ರೆಯೇ ಬೇರೆ. ತಾರ್ತು ವಿಶ್ವವಿದ್ಯಾಲಯದ ಸಾಹಿತ್ಯ ವಿದ್ವಾಂಸ ರೋಮನ್ ಲೇಬೊವ್ ೨೦೦೧ರಲ್ಲಿ ಇಲ್ಲಿ ಬರೆಯತೊಡಗಿದ ನಂತರ ರಷ್ಯನ್ ಭಾಷೆಯ ಲೇಖಕರು, ಪತ್ರಕರ್ತರು ಇದಕ್ಕೆ ಒಲಿದರು. ಅಮೆರಿಕದಲ್ಲಿ ಮುಖ್ಯವಾಗಿ ಯುವಜನರ ದಿನಚರಿಯಾಗಿದ್ದ ತಾಣ ಅಲ್ಲಿ ಸಾರ್ವಜನಿಕ ಚರ್ಚೆಯ ವೇದಿಕೆಯಾಯಿತು. ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಯವರ ಪ್ರಸಿದ್ಧ ಬ್ಲಾಗ್ ಇಲ್ಲಿಯೇ ಇತ್ತು; ೨೦೧೪ರ ಮಾರ್ಚಿನಲ್ಲಿ ರಷ್ಯಾದ ಅಧಿಕಾರಿಗಳು ಅದನ್ನು ತಡೆಹಿಡಿದರು. ೨೦೧೬ರ ಡಿಸೆಂಬರಿನಲ್ಲಿ ಸರ್ವರ್‌ಗಳನ್ನು ರಷ್ಯಾಕ್ಕೆ ಸ್ಥಳಾಂತರಿಸಲಾಯಿತು. ೨೦೧೭ರ ಏಪ್ರಿಲ್‌ನಲ್ಲಿ ರಷ್ಯಾದ ಕಾನೂನಿಗೆ ಒಳಪಟ್ಟ ಹೊಸ ನಿಯಮಗಳು ಜಾರಿಗೆ ಬಂದವು. ಹದಿಹರೆಯದಲ್ಲಿ ಗೆಳೆಯರಿಗೆಂದು ಬೀಗ ಹಾಕಿಟ್ಟ ಬರಹಗಳು ಹೀಗೆ ತಾವು ಕಂಡರಿಯದ ದೇಶದ ಕಾನೂನಿನ ಕೆಳಗೆ ಬಂದುದನ್ನು ಕಂಡ ಅನೇಕರು, ಹಳೆಯ ದಿನಚರಿಗಳನ್ನು ಡ್ರೀಮ್‌ವಿಡ್ತ್‌ಗೆ ನಕಲಿಸಿಕೊಂಡು ಖಾತೆಗಳನ್ನು ಅಳಿಸಿದರು. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ೨೦೧೮ರಲ್ಲಿ ತಮ್ಮ ಬ್ಲಾಗನ್ನು ಇಲ್ಲಿಂದ ಸ್ವಂತ ತಾಣಕ್ಕೆ ಒಯ್ದರು.

ಪ್ರಭಾವ

ಟ್ವಿಟರ್ ಸ್ಥಾಪಕರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ೨೦೦೦ದಲ್ಲಿ ಲೈವ್‌ಜರ್ನಲ್ ಸೇರಿದ್ದರು. ಇದಕ್ಕಿಂತಲೂ ಸದ್ಯೋಜಾತವಾದ, ಓಡಾಡುತ್ತಲೇ ಬರೆಯಬಹುದಾದ ದಿನಚರಿಯ ಕಲ್ಪನೆಯಿಂದ ತಮ್ಮ ಯೋಜನೆ ಹುಟ್ಟಿತೆಂದು ಅವರು ದಾಖಲಿಸಿದ್ದಾರೆ. ೨೦೦೯ರಲ್ಲಿ ಆರಂಭವಾದ ವಾಟ್ಸ್‌ಆ್ಯಪ್‌ನ ಮೊದಲ ಉದ್ದೇಶವೂ ಸಂದೇಶ ಕಳುಹಿಸುವುದಾಗಿರಲಿಲ್ಲ. ತಾನೀಗ ಏನು ಮಾಡುತ್ತಿದ್ದೇನೆ ಎಂಬುದನ್ನು ಪರಿಚಿತರಿಗೆ ತೋರಿಸುವುದಾಗಿತ್ತು. ೨೦೧೧ರ ಗೂಗಲ್ ಪ್ಲಸ್‌ನ ವೃತ್ತಗಳು, ೨೦೧೮ರಲ್ಲಿ ಇನ್‌ಸ್ಟಾಗ್ರಾಮ್ ಸೇರಿಸಿದ ಆಪ್ತ ಸ್ನೇಹಿತರ ಪಟ್ಟಿ ಇವೆಲ್ಲ ಲೈವ್‌ಜರ್ನಲ್‌ನ ಗುಂಪುಗಳಿಗೆ ಹತ್ತಿರದವು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇನ್‌ಸ್ಟಾಗ್ರಾಮ್ ಸ್ಟೋರಿಯೂ ವಾಟ್ಸ್‌ಆ್ಯಪ್ ಸ್ಟೇಟಸ್ಸೂ ೨೪ ಗಂಟೆಗಳಲ್ಲಿ ಗೆಳೆಯರ ಕಣ್ಣಿನಿಂದ ಮರೆಯಾಗುತ್ತವೆ. ಲೈವ್‌ಜರ್ನಲ್‌ನ ಕ್ಯಾಲೆಂಡರಿನಲ್ಲಿ ಹತ್ತು ವರ್ಷದ ಹಿಂದಿನ ಒಂದು ಮಂಗಳವಾರವನ್ನು ಹುಡುಕಿ, ಅಂದು ಯಾರು ಏನೆಂದು ಸಮಾಧಾನ ಹೇಳಿದ್ದರೆಂದು ಓದಬಹುದು. ತೀರಿಕೊಂಡವರ ದಿನಚರಿಗಳನ್ನು ಹೊಸ ಬರಹಗಳಿಗೆ ಅವಕಾಶವಿಲ್ಲದ ಸ್ಮರಣಾರ್ಥ ಖಾತೆಗಳಾಗಿ ಉಳಿಸುವ ಕ್ರಮವೂ ಇತ್ತು.

ಕನ್ನಡದ ಸಂದರ್ಭ

ಕನ್ನಡದಲ್ಲಿ ಲೈವ್‌ಜರ್ನಲ್ ನೆಲೆಯೂರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳನ್ನು ಓದುಗರೂ ತಮ್ಮ ಗಣಕದಲ್ಲಿ ಅಳವಡಿಸಿಕೊಳ್ಳಬೇಕಾಗಿದ್ದ ತೊಡಕು ಯೂನಿಕೋಡ್ ಬಳಕೆಯಿಂದ ನೀಗಿದ ಮೇಲೆ, ೨೦೦೦ದ ದಶಕದ ಮಧ್ಯಭಾಗದಿಂದ ಕನ್ನಡ ಬ್ಲಾಗುಗಳು ಹೆಚ್ಚಾಗಿ ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಬೆಳೆದವು. ಅವು ಸಾಮಾನ್ಯವಾಗಿ ಎಲ್ಲರಿಗೂ ತೆರೆದ ಪುಟಗಳು. ಬಸ್ಸಿನ ಪ್ರಯಾಣ, ಊರಿನ ಮಳೆ, ಅಜ್ಜಿಯ ಅಡುಗೆಗಳು ಅಲ್ಲಿ ಕಾಣಿಸಿಕೊಂಡರೂ ಬರವಣಿಗೆ ದಿನಚರಿಗಿಂತ ಲಲಿತ ಪ್ರಬಂಧದ ಕಡೆಗೇ ವಾಲಿತು. ಅಪರಿಚಿತರೂ ಓದುತ್ತಾರೆಂಬ ಎಚ್ಚರ ಇದಕ್ಕೆ ಒಂದು ಕಾರಣವೆನ್ನಬಹುದು. ಗೆಳೆಯರ ನಡುವಿನ ಬಿಡುಬೀಸು ಹರಟೆಗೆ ೨೦೦೪ರಿಂದ ೨೦೧೪ರವರೆಗೆ ನಡೆದ ಆರ್ಕುಟ್ ಭಾರತದಲ್ಲಿ ಜನಪ್ರಿಯ ತಾಣವಾಗಿತ್ತು. ಈಗ ಆ ಜಾಗದಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಇದೆ. ಸಂಪರ್ಕ ಪಟ್ಟಿಯಲ್ಲಿ ಗೆಳೆಯರ ಜೊತೆಗೆ ಚಿಕ್ಕಪ್ಪ, ಅತ್ತೆ, ಕಚೇರಿಯ ಮೇಲಧಿಕಾರಿ, ಹಾಲು ಹಾಕುವವರು ಎಲ್ಲರ ಸಂಖ್ಯೆಗಳೂ ಇರುವುದರಿಂದ, ಕೆಲವರನ್ನು ಹೊರತುಪಡಿಸಿ ಉಳಿದವರಿಗೆ ತೋರಿಸುವ ಆಯ್ಕೆಯನ್ನು ಅಲ್ಲಿಯೂ ಒದಗಿಸಲಾಗಿದೆ.